ಕಿಟಕಿಗೆ ಸಿಕ್ಕಿಸಿದ ಮೊಣಕೈ

ಜಾವೆಲಿನ್ ಎಸೆಯುವ ಮೊಮ್ಮಗಳ ಮೊಣಕೈಗೆ ಪೆಟ್ಟಾಗಿ, ಶಿವಮೊಗ್ಗದಲ್ಲಿ ತೆಗೆಸಿದ ಎಕ್ಸ್‌ರೇ ಹಾಳೆ ಇವತ್ತು ಕೈಗೆ ಬಂದದ್ದೇ, ನನ್ನ ಮೂಗಿಗೆ ಹಸಿ ಮೊಟ್ಟೆಯ ವಾಸನೆ ಬಡಿಯಿತು.

ನನಗಾಗ ಹನ್ನೆರಡು ವರ್ಷ. ಒಂದು ಮಧ್ಯಾಹ್ನ ನಮ್ಮೂರು ಉಡುತಡಿಯ ಕಣದಲ್ಲಿ ಹುಡುಗರ ಜೊತೆ ಕಬಡ್ಡಿ ಆಡುತ್ತಾ ಬಿದ್ದೆ. ಮೊಣಕೈ ಬದನೆಕಾಯಿ ಹಾಗೆ ಊದಿತು. ಶಿಕಾರಿಪುರಕ್ಕೆ ಹೋಗಿ ಎಕ್ಸ್‌ರೇ ತೆಗೆಸ್ತೀನಿ ಅಂತ ಅಪ್ಪ ಹೊರಟರೆ, ಸೋದರತ್ತೆ ಬಾಗಿಲಿಗೆ ಅಡ್ಡ ನಿಂತಳು.

"ತೆಗೆಸಿದ್ರೆ ಕೈ ಮುರಿದಿದ್ದಕ್ಕೆ ಸಾಕ್ಷಿ ಉಳೀತದೆ. ನಾಳೆ ಗಂಡಿನ ಕಡೆಯೋರಿಗೆ ಏನು ಹೇಳ್ತೀಯ?"

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ನಾಟಿ ವೈದ್ಯರನ್ನ ಕರೆಸಿದರು. ಅವರು ಹೆಬ್ಬೆರಳಲ್ಲಿ ಒತ್ತಿ ನೋಡಿ, ಬರೀ ಉಳುಕು ಅಂದು, ಮೊಟ್ಟೆಯಲ್ಲಿ ಕಲಸಿದ ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದರು.

"ಒಳಗೆ ಮೂಳೆ ಕಟಕಟ ಅಂತದೆ," ಅಂದೆ.

"ಬಾಯಿ ಮಾತ್ರ ಜೋರು," ಅಂದಳು ಸೋದರತ್ತೆ.

"ಅದು ಮುರಿದಿಲ್ಲವಲ್ಲ," ಅಂದೆ ನಾನು.

ಆ ಕೈ ಮತ್ತೆ ನೆಟ್ಟಗಾಗಲಿಲ್ಲ.

"ಹಾಳೆ ಬೀರುವಲ್ಲಿಡ್ರಿ ಅತ್ತೆ," ಅಂದಳು ಈಗ ನನ್ನ ಸೊಸೆ, "ಭಾನುವಾರ ಸೊರಬದೋರು ಹುಡುಗಿ ನೋಡೋಕೆ ಬರ್ತಾರೆ."

ಅದೇ ಸೊಟ್ಟ ಕೈಯಲ್ಲಿ ಹಾಳೆಯನ್ನ ಬೀದಿ ಕಡೆ ಕಿಟಕಿಗೆ ಸಿಕ್ಕಿಸಿದೆ.