ಬಿಳಿ ಸಸಿ

ಬಾಟಲಿ ಹಿಡಿದ ಕೈ ಕಸದ ಬುಟ್ಟಿಯ ಮೇಲೆ ಹೋಗಿ ನಿಂತೇಬಿಟ್ಟಿತು. ಸಸ್ಯ ಜೈವಿಕ ತಂತ್ರಜ್ಞಾನದ ಎಂಎಸ್ಸಿ ಮುಗಿದು, ಅವಳು ಲ್ಯಾಬಿನಲ್ಲಿ ತನ್ನ ಪಾಲಿನ ಶೆಲ್ಫ್ ಖಾಲಿ ಮಾಡುತ್ತಿದ್ದಳು. ಬಾಟಲಿಯೊಳಗೆ ಹಾಲಿನಷ್ಟು ಬಿಳಿಯ ಭತ್ತದ ಸಸಿ. ಹಸಿರೇ ಇಲ್ಲದ, ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದ ಜೀವ. ಇಂಥವನ್ನು ಕಂಡ ಕೂಡಲೇ ಎಸೆಯುವುದು ಲ್ಯಾಬಿನ ರೂಢಿ. ಇವಳು ಮಾತ್ರ ಗೈಡ್ ಕಣ್ಣಿಗೆ ಮಣ್ಣೆರಚಿ, ತಿಂಗಳಿಗೊಮ್ಮೆ ಹೊಸ ಸಕ್ಕರೆ ಜೆಲ್ಲಿಯಲ್ಲಿ ಕೂರಿಸಿ ಅದನ್ನು ಸಾಕಿದ್ದಳು.

"ಅದೇನು, ಕೈಯಲ್ಲಿ ಹಿಡ್ಕೊಂಡು ನಿಂತ್ಬಿಟ್ಟೆ?" ಹಿಂದೆ ಗೈಡ್ ದನಿ. ಹನಿ ಹನಿಗೂ ಲೆಕ್ಕ ಕೇಳುವ ಅವರಿಗೆ ಹುಡುಗರು ಇಟ್ಟ ಹೆಸರು ಮಿಲಿಲೀಟರ್ ಮೇಡಂ.

"ಸಾರಿ ಮೇಡಂ. ಇದ್ರಿಂದ ಏನೂ ಉಪಯೋಗ ಇಲ್ಲ, ಗೊತ್ತು. ಎಸೆದ್ಬಿಡ್ತೀನಿ."

"ತಿಂಗಳು ತಿಂಗಳೂ ಒಂದು ಬಾಟಲಿ ಜೆಲ್ಲಿ ಎಲ್ಲಿಗೆ ಹೋಗ್ತಿತ್ತು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಕೊಡು ಇಲ್ಲಿ."

ಅವಳು ತಲೆ ತಗ್ಗಿಸಿ ಕೊಟ್ಟಳು. ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ, ಮುಚ್ಚಳದ ಮೇಲಿದ್ದ ಅವಳ ಹೆಸರನ್ನು ಒರೆಸಿದರು. ಆಮೇಲೆ ಕೋಟಿನ ಜೇಬಿನಿಂದ ಮಾರ್ಕರ್ ತೆಗೆದು, ಅಲ್ಲಿ ತಮ್ಮ ಹೆಸರು ಬರೆದರು.