ಟಮಾಟೆಯ ಹೋಳು

ಅತ್ತೆ ಶಿವಗಂಗಮ್ಮ ಟಮಾಟೆಹಣ್ಣಿನ ಹೋಳನ್ನು ತುಟಿಗಿಟ್ಟಾಗ ಸೊಸೆ ಸಿದ್ದಲಿಂಗಮ್ಮ ಉಸಿರು ಬಿಗಿಹಿಡಿದಳು. ಜ್ವರದ ಮುದುಕಿ ಒಂಬತ್ತು ದಿನದಿಂದ ಒಂದಗುಳು ತಿಂದಿರಲಿಲ್ಲ. "ನಾಳೆ ಹೋಗ್ತೀನಿ" ಎನ್ನುವುದೊಂದೇ ಅವಳ ಮಾತಾಗಿತ್ತು.

ಆ ಹಣ್ಣೇನು ಸುಮ್ಮನೆ ಬಂದದ್ದಲ್ಲ. 1941ರ ಚಳಿಗೆ ಸೊಕ್ಕೆ ಊರಿನಲ್ಲಿ ಹಲ್ಲಿಲ್ಲದ ಹುಂಜಗಳೂ ಹಲ್ಲು ಕಡಿಯುತ್ತಿದ್ದವು. ಬಿಸಿಲು ಬೀಳುವ ಕಲ್ಲುಗೋಡೆಯ ಮಗ್ಗುಲಿಗೆ ಗಿಡ ನೆಟ್ಟ ಸಿದ್ದಲಿಂಗಮ್ಮ, ಸಂಜೆಯಾದರೆ ಗಂಡ ಹಾಲೇಶಪ್ಪನ ಕಂಬಳಿ ಕಿತ್ತು ಅವಕ್ಕೆ ಹೊದಿಸುತ್ತಿದ್ದಳು. ಅವನು ನಡುಗಿದ ರಭಸಕ್ಕೆ ಅಕ್ಕಪಕ್ಕದ ಮೂರು ಮನೆಗಳ ಗೋಡೆ ಬಿರುಕು ಬಿಟ್ಟವು. ಕೊನೆಗೆ ಕೆಂಪಾದದ್ದು ನಾಲ್ಕೇ ಹಣ್ಣು. ಆದರೆ ಒಂದೊಂದೂ ಬಿಂದಿಗೆಯಷ್ಟು!

"ಇದೇನೇ ಇದು, ಮಾಂಸ ಇದ್ದಂಗೆ ಐತೆ?"

"ಹಣ್ಣೇ ಅತ್ತೆ. ಹುಳಿ ಐತೆ, ತಿನ್ರಿ."

ಮುದುಕಿ ಕಣ್ಣು ಮುಚ್ಚಿ ಚೀಪಿದಳು. ಇನ್ನೊಂದು ಹೋಳು ತೆಗೆದುಕೊಂಡಳು, ಮತ್ತೊಂದು. ಆಮೇಲೆ ಮುಷ್ಟಿ ಬಿಗಿದು, "ಬೂದಿ ತಾರೇ" ಎಂದಳು.

ಸಿದ್ದಲಿಂಗಮ್ಮ, ಅತ್ತೆ ಹೊರಡುವ ಮುನ್ನ ಕೊನೆಯ ಸಲ ವಿಭೂತಿ ಕೇಳುತ್ತಿದ್ದಾಳೆಂದು ತಿಳಿದು, ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು, ಬಿಕ್ಕುತ್ತಾ ಅವಳ ಹಣೆಗೆ ಹಚ್ಚಲು ಕೈಚಾಚಿದಳು. ಸುರಿದ ಕಣ್ಣೀರಿನಲ್ಲಿ ಒಂದು ಗದ್ದೆ ನಾಟಿ ಮಾಡಬಹುದಿತ್ತು.

"ಇಬೂತಿ ಅಲ್ಲ ಕಣೇ ಹುಚ್ಚಿ, ಒಲೆ ಬೂದಿ!" ಶಿವಗಂಗಮ್ಮ ಮುಷ್ಟಿ ಬಿಚ್ಚಿದಳು. ಹೋಳುಗಳಿಂದ ಕೆದಕಿ ತೆಗೆದ ಬೀಜಗಳು ಅಂಗೈಗೆ ಅಂಟಿಕೊಂಡಿದ್ದವು. "ಬೀಜಕ್ಕೆ ಸವರಿ ಒಣಗಿಸಾನ. ಸತ್ತ ನಾಲಿಗೆಗೆ ಜೀವ ಕೊಟ್ಟೆ ಕಣವ್ವಾ. ಬರೋ ವರ್ಷ ನಿನಗೆ ನಾನು ಬೆಳೆದು ತಿನ್ನಿಸ್ತೀನಿ."