ಲೋಡಿಂಗ್ ವಿಭಾಗದ ಭುಜನೋವು

ಹನ್ನೊಂದು ಗಂಟೆಗೆ ಸುಮಂಗಲಾ ಹಿರೇಗೌಡರ ಸೊಂಟ ಹಿಡಿದುಕೊಂಡಿತು. ಪ್ಯಾಕಿಂಗ್ ವಿಭಾಗದವರು ಕೆಲಸಕ್ಕೆ ಬಗ್ಗಿದ್ದಾರೆ ಎಂದುಕೊಂಡು ಕುರ್ಚಿಯಲ್ಲಿ ಸರಿದು ಕುಳಿತರು. ಕಾರ್ಮಿಕರು ಕಟ್ಟಿಕೊಳ್ಳುವ ಬೆಲ್ಟಿನ ಮೂಲಕ ಅವರ ನೋವು ಕಾರ್ಖಾನೆಯ ಮುಖ್ಯಸ್ಥರಿಗೂ ತಲುಪಬೇಕೆಂಬ ಕಾಯ್ದೆ ಬಂದು ಆರು ವರ್ಷವಾಗಿತ್ತು. ರಾಣೆಬೆನ್ನೂರಿನ ಆ ಹಿಟ್ಟಿನ ಕಾರ್ಖಾನೆಗೆ ಮುಖ್ಯಸ್ಥೆ ಅವರೇ. ತಮ್ಮದೇ ಆದ ನೋವು ಹೇಗಿರುತ್ತದೆಂಬುದು ಅವರಿಗೆ ಮರೆತೇಹೋಗಿತ್ತು.

ಮೇಜಿನ ಮೇಲೆ, ಲೋಡಿಂಗ್ ವಿಭಾಗಕ್ಕೆ ಚೀಲ ಎತ್ತುವ ಯಂತ್ರ ಬೇಕೆಂಬ ಕಡತವಿತ್ತು. 'ಸದ್ಯ ಅಗತ್ಯವಿಲ್ಲ' ಎಂದು ಬರೆಯಹೊರಟವರು ಪೆನ್ನು ತಡೆದರು. ಲೋಡಿಂಗ್ ಹಮಾಲರ ನೋವು ಬಂದು ಕೂರುತ್ತಿದ್ದ ತಮ್ಮ ಬಲಭುಜ ಮೂರು ವಾರದಿಂದ ಹಗುರವಾಗಿತ್ತು. ಚೀಲಗಳೇನೂ ಹಗುರವಾಗಿರಲಿಲ್ಲ.

ಮೆಟ್ಟಿಲಿಳಿದು ಹೋದರು. ಹಮಾಲರ ಬೆಲ್ಟುಗಳೆಲ್ಲ ಗೂಟಕ್ಕೆ ನೇತಾಡುತ್ತಿದ್ದವು.

"ಯಾಕ ಬಿಚ್ಚೀರಿ, ದುರ್ಗಪ್ಪ?"

ಹಿರಿಯ ಹಮಾಲ ದುರ್ಗಪ್ಪ ತಲೆ ತಗ್ಗಿಸಿದ. "ಧ್ವಜ ಏರಿಸೋ ದಿನ ನಿಮಗ ಕೈ ಎತ್ತಾಕ ಬರಲಿಲ್ರಿ ಮೇಡಂ. ನಮಗ ನೋಡಾಕ ಆಗ್ಲಿಲ್ಲ. ಎಲ್ಲಾರೂ ಮಾತಾಡ್ಕೊಂಡು ಬಿಚ್ಚಿಟ್ವಿ."

"ಕಟ್ಕೋರಿ."

"ಬ್ಯಾಡ್ರಿ. ನಮಗ ರೂಢಿ ಐತಿ."

"ಕಟ್ಕೋರಿ ಅಂದೆ."

ದುರ್ಗಪ್ಪ ಕಟ್ಟಿಕೊಂಡ. ಮೂರು ವಾರ ದೂರವಿದ್ದ ನೋವು ಒಮ್ಮೆಲೇ ಭುಜಕ್ಕೆ ಬಂದು, ಸುಮಂಗಲಾ ಚೀಲವೊಂದರ ಮೇಲೆ ಕುಸಿದು ಕುಳಿತರು. ಕಡತವನ್ನು ಅಲ್ಲಿಗೇ ತರಿಸಿದರು. ಬಲಗೈ ಮೇಲೇಳಲಿಲ್ಲ. ಯಂತ್ರಕ್ಕೆ ಒಪ್ಪಿಗೆಯ ಸಹಿಯನ್ನು ಎಡಗೈಯಿಂದಲೇ ಹಾಕಿದರು, ಒಂದನೇ ತರಗತಿಯ ಮಗು ಬರೆದಂತೆ ಸೊಟ್ಟಗೆ.

ದುರ್ಗಪ್ಪನ ಕೈ ಮೆಲ್ಲಗೆ ಬೆಲ್ಟಿನತ್ತ ಹೋಯಿತು.

"ಇರ್ಲಿ ಬಿಡ್ರಿ," ಎಂದರು ಸುಮಂಗಲಾ ಕಣ್ಣು ಮುಚ್ಚಿಕೊಂಡೇ. "ಮಷೀನ್ ಬರೋತನಕ ಇರ್ಲಿ. ಇಲ್ಲಾಂದ್ರ ನಾ ಮತ್ತ ಮರೀತೀನಿ."